ವಾಂಗ್ ವಿಯೆಂಗ್: ಪುಟ್ಟ ಪ್ರವಾಸಕ್ಕೆ ಒಂದೇ ಹೊಳೆ ಸಾಕು

ಲಾವೋಸಿನ ವಾಂಗ್ ವಿಯೆಂಗ್‌ಗೆ ಹೋಗಬೇಕು, ಏನೇನು ನೋಡಿಕೊಳ್ಳಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಮಾತಾಡುವುದು ತಿಂಗಳ ಬಗ್ಗೆ. ಟಿಕೆಟ್ಟು, ಹೋಟೆಲ್ಲು ಎಲ್ಲ ಆಮೇಲೆ. ಆ ಊರಿನ ಸಾಹಸವೆಲ್ಲ ನಡೆಯುವುದು ಒಂದೋ ನಾಮ್ ಸೊಂಗ್ ಹೊಳೆಯ ಮೇಲೆ, ಇಲ್ಲವೇ ಅದರ ಪಕ್ಕದ ಸುಣ್ಣಕಲ್ಲಿನ ಬೆಟ್ಟಗಳ ಹೊಟ್ಟೆಯೊಳಗೆ. ಎರಡಕ್ಕೂ ಮಳೆಯೇ ಯಜಮಾನ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಹೊಳೆ ಕೆಂಪಗೆ ತುಂಬಿ ಓಡುತ್ತದೆ, ಗುಹೆಗಳಿಗೆ ನೀರು ನುಗ್ಗುತ್ತದೆ, ನೀಲಿ ಎಂದು ಹೆಸರಾದ ಮಡುಗಳೂ ರಾಡಿಯಾಗುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಬೆಟ್ಟದ ಹೊಲಗಳಿಗೆ ಬೆಂಕಿ ಇಡುವ ಕಾಲ; ಹೊಗೆ ಕವಿದರೆ ಎದುರಿನ ಬೆಟ್ಟವೇ ಕಾಣದು. ಉಳಿಯುವುದು ನವೆಂಬರ್‌ನಿಂದ ಫೆಬ್ರವರಿ. ಹೊಳೆ ಇಳಿದು ತಿಳಿಯಾಗಿರುತ್ತದೆ, ಹಗಲು ಹಿತವಾದ ಬಿಸಿಲು, ರಾತ್ರಿ ಸ್ವೆಟರ್ ಬೇಕಾಗುವಷ್ಟು ಚಳಿ.

ಆದ್ದರಿಂದ ಡಿಸೆಂಬರ್ ಆರಿಸಿಕೊಂಡೆವು. ನಾವು ಅಂದರೆ ನಾನು ಮತ್ತು ನನ್ನ ಅಕ್ಕನ ಮಗ. ಇಂಜಿನಿಯರಿಂಗ್ ಓದುವ ಹುಡುಗ, ಈಜು ಚೆನ್ನಾಗಿ ಬರುತ್ತದೆ. ಸೆಮಿಸ್ಟರ್ ಪರೀಕ್ಷೆ ಮುಗಿದ ಸಂಜೆಯೇ ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ಮಾಡಿಕೊಂಡು ಬಂದಿದ್ದ. ವಿಯೆಂಟಿಯಾನ್, ವಾಂಗ್ ವಿಯೆಂಗ್, ಲುವಾಂಗ್ ಪ್ರಬಾಂಗ್, ಮಧ್ಯೆ ಒಂದು ಜಲಪಾತ, ಒಂದು ಆನೆ ಶಿಬಿರ. "ಮಾವ, ಈಗ ಟ್ರೇನ್ ಇದೆಯಲ್ಲ, ಒಂದೊಂದು ಊರಿಗೂ ಒಂದೊಂದೇ ಗಂಟೆ" ಎಂದ.

ಅವನು ಹೇಳಿದ್ದು ಸರಿಯೇ. 2021ರ ಡಿಸೆಂಬರ್‌ನಲ್ಲಿ ಲಾವೋಸ್–ಚೀನಾ ರೈಲು ಶುರುವಾದ ಮೇಲೆ ಆ ದೇಶದ ನಕ್ಷೆಯೇ ಚಿಕ್ಕದಾಗಿದೆ. ಹಿಂದೆ ರಾಜಧಾನಿ ವಿಯೆಂಟಿಯಾನ್‌ನಿಂದ ವಾಂಗ್ ವಿಯೆಂಗ್‌ಗೆ 13ನೇ ಹೆದ್ದಾರಿಯಲ್ಲಿ ಬಸ್ಸು ನಾಲ್ಕು ಗಂಟೆ ಕುಲುಕಿಸುತ್ತಿತ್ತು. ಈಗ ರೈಲಿನಲ್ಲಿ ಒಂದು ಗಂಟೆ. ಅಲ್ಲಿಂದ ಲುವಾಂಗ್ ಪ್ರಬಾಂಗ್‌ಗೆ ಮತ್ತೊಂದು ಗಂಟೆ. ಆದರೆ ಪ್ರತಿ ಸಲ ಊರು ಬದಲಿಸುವಾಗ ನಿಲ್ದಾಣಕ್ಕೆ ಹೋಗುವುದು, ತಪಾಸಣೆಗೆ ನಿಲ್ಲುವುದು, ಹೊಸ ರೂಮು ಹುಡುಕುವುದು ಎಂದು ಅರ್ಧ ದಿನ ಕೈಬಿಟ್ಟು ಹೋಗುತ್ತದೆ. ಇರುವುದೇ ನಾಲ್ಕು ದಿನ ರಜೆ ಎನ್ನುವವರು ಒಂದೇ ಊರು, ಒಂದೇ ಹೊಳೆ ಹಿಡಿದು ಕೂರಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಲುವಾಂಗ್ ಪ್ರಬಾಂಗ್ ದೊಡ್ಡ ಊರು, ಅದಕ್ಕೆ ಅದರದೇ ವಾರ ಬೇಕು. ಪಟ್ಟಿಯಲ್ಲಿ ಅದರ ಮೇಲೆ ಗೆರೆ ಎಳೆದೆ. ಹುಡುಗ ಸ್ವಲ್ಪ ಮುಖ ಸಣ್ಣ ಮಾಡಿದ. ಆಮೇಲೆ ಹೊಳೆಯ ಫೋಟೋಗಳನ್ನು ನೋಡಿ ತಾನೇ ಸರಿಹೋದ.

ಇನ್ನು ತಯಾರಿ. ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿಂದ ವಿಯೆಂಟಿಯಾನ್‌ಗೆ ಸುಮಾರು ಒಂದು ಗಂಟೆಯ ಇನ್ನೊಂದು ವಿಮಾನ; ಇದು ಸುಲಭದ ಹಾದಿ. ಪುರುಸೊತ್ತಿದ್ದು ದುಡ್ಡು ಉಳಿಸಬೇಕೆನ್ನುವವರಿಗೆ ಬ್ಯಾಂಕಾಕಿನಿಂದ ರಾತ್ರಿ ರೈಲು ಇದೆ. 2024ರ ಜುಲೈನಿಂದ ಅದು ಮೆಕಾಂಗ್ ನದಿ ದಾಟಿ ವಿಯೆಂಟಿಯಾನ್‌ವರೆಗೂ ಬರುತ್ತದೆ. ಲಾವೋಸಿನ ವೀಸಾ ಭಾರತೀಯರಿಗೆ ಅಲ್ಲಿಯೇ ಇಳಿದು ತೆಗೆದುಕೊಳ್ಳಲು ಸಿಗುತ್ತದೆ. ಆರು ತಿಂಗಳಾದರೂ ಅವಧಿ ಇರುವ ಪಾಸ್‌ಪೋರ್ಟ್, ಒಂದೆರಡು ಫೋಟೋ, ಮಡಿಕೆ ಬೀಳದ ಶುಭ್ರ ಡಾಲರ್ ನೋಟುಗಳು ಕೈಯಲ್ಲಿರಲಿ. ಥಾಯ್ಲೆಂಡಿನ ನಿಯಮಗಳು ಆಗಾಗ ಬದಲಾಗುತ್ತವೆ. ಬ್ಯಾಂಕಾಕಿನಲ್ಲಿ ಹೊರಗೆ ಕಾಲಿಡುವವರು ಹೊರಡುವ ವಾರ ಒಮ್ಮೆ ನೋಡಿಕೊಳ್ಳಲೇಬೇಕು.

ಹಣದ ಲೆಕ್ಕ ಮೊದಮೊದಲು ತಲೆ ತಿರುಗಿಸುತ್ತದೆ. ಲಾವೋಸಿನ ಹಣ ಕಿಪ್; ಲಕ್ಷ ಕಿಪ್ ಅಂದರೆ ನಮ್ಮ ನಾನೂರು ರೂಪಾಯಿಯ ಆಸುಪಾಸು. ಕಾರ್ಡು ಎಲ್ಲ ಕಡೆ ನಡೆಯುವುದಿಲ್ಲ, ಗುಹೆ ಕಾಯುವವನಿಗೂ ಸೇತುವೆ ಸುಂಕದವಳಿಗೂ ನೋಟೇ ಬೇಕು.

ಪ್ರಯಾಣ ವಿಮೆಯ ಬಗ್ಗೆ ಮಾತ್ರ ಎರಡು ಮಾತು ಹೆಚ್ಚು ಹೇಳುತ್ತೇನೆ. ಕಯಾಕ್ ಎಂಬ ಪುಟ್ಟ ಹುಟ್ಟುದೋಣಿ, ಗುಹೆ, ಸ್ಕೂಟರ್ ಇವೆಲ್ಲ ಸಾಮಾನ್ಯ ಪಾಲಿಸಿಯಲ್ಲಿ ಬಹಳ ಸಲ ಸೇರಿರುವುದಿಲ್ಲ. ಸಾಹಸ ಚಟುವಟಿಕೆಗೆ ಪ್ರತ್ಯೇಕ ಕಂತು ಕಟ್ಟಬೇಕಾಗುತ್ತದೆ. ಸ್ಕೂಟರ್ ಓಡಿಸುವುದಾದರೆ ದ್ವಿಚಕ್ರ ವಾಹನಕ್ಕೆ ಅನ್ವಯಿಸುವ ಅಂತರರಾಷ್ಟ್ರೀಯ ಪರ್ಮಿಟ್ಟು ಬೇಕು. ನಮ್ಮ ಆರ್‌ಟಿಒ ಕಚೇರಿಯಲ್ಲೇ ಮಾಡಿಕೊಡುತ್ತಾರೆ. ಅದಿಲ್ಲದೆ ಬಿದ್ದರೆ ವಿಮೆಯವರು ನಯಾಪೈಸೆ ಕೊಡುವುದಿಲ್ಲ. ಲಾವೋಸಿನಲ್ಲಿ ದೊಡ್ಡ ಪೆಟ್ಟಾದರೆ ನದಿ ದಾಟಿಸಿ ಥಾಯ್ಲೆಂಡಿನ ಉದೋನ್ ಥಾನಿಯ ಆಸ್ಪತ್ರೆಗೆ ಸಾಗಿಸುವುದೇ ರೂಢಿ, ಆ ಖರ್ಚು ಸಣ್ಣದಲ್ಲ. ಅಕ್ಕನಿಗೆ ಮಾತು ಕೊಟ್ಟು ಅವಳ ಮಗನನ್ನು ಕರೆದುಕೊಂಡು ಹೋಗುತ್ತಿದ್ದವನು ನಾನು. ಸ್ಕೂಟರ್ ಬೇಡ, ಸೈಕಲ್ ಸಾಕು ಎಂದು ಮನೆಯಲ್ಲೇ ತೀರ್ಮಾನವಾಯಿತು.

ಚೀಲಕ್ಕೆ ಹಾಕಿಕೊಂಡದ್ದು: ಬೇಗ ಒಣಗುವ ಎರಡು ಜೊತೆ ಬಟ್ಟೆ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ, ಹೆಡ್‌ಲ್ಯಾಂಪ್, ನೀರು ನುಗ್ಗದ ಡ್ರೈ ಬ್ಯಾಗ್, ಒಂದು ಪಂಚೆ. ಪಂಚೆ ಬಹಳ ಕೆಲಸಕ್ಕೆ ಬಂತು. ಹೊಳೆಯಿಂದ ಎದ್ದವರು ಒದ್ದೆ ಚಡ್ಡಿಯಲ್ಲೇ ಊರೊಳಗೆ ಓಡಾಡುವುದನ್ನು ಅಲ್ಲಿಯ ಜನ ಇಷ್ಟಪಡುವುದಿಲ್ಲ, ಹಾಗೆಂದು ಅಲ್ಲಲ್ಲಿ ಫಲಕವನ್ನೂ ಹಾಕಿದ್ದಾರೆ. ಪಂಚೆ ಸುತ್ತಿಕೊಂಡರೆ ಮಾತೇ ಇಲ್ಲ.

ಮೊದಲ ದಿನ

ವಿಯೆಂಟಿಯಾನ್‌ನ ರೈಲು ನಿಲ್ದಾಣ ಊರಿನಿಂದ ಬಹಳ ಹೊರಗಿದೆ. ವಿಮಾನ ನಿಲ್ದಾಣದಿಂದ ನೇರ ಟ್ಯಾಕ್ಸಿ ಹಿಡಿದು ಅಲ್ಲಿಗೇ ಹೋದೆವು. ಟಿಕೆಟ್ಟು ಆಗ ತಿಂಗಳ ಮುಂಚೆ ಸಿಗುತ್ತಿರಲಿಲ್ಲ. ಪ್ರಯಾಣಕ್ಕೆ ಕೆಲವೇ ದಿನ ಇರುವಾಗ ರೈಲ್ವೆಯದೇ ಆ್ಯಪಿನಲ್ಲಿ ಬಿಡುತ್ತಿದ್ದರು. ಡಿಸೆಂಬರ್‌ನಲ್ಲಿ ಬೇಗ ಖಾಲಿಯಾಗುತ್ತದೆ, ಆದ್ದರಿಂದ ಬೆಂಗಳೂರಿನಿಂದಲೇ ಕಾದು ಕೂತು ಮಾಡಿಕೊಂಡಿದ್ದೆವು. ಬಾಗಿಲಲ್ಲಿ ಪಾಸ್‌ಪೋರ್ಟ್, ಟಿಕೆಟ್, ಚೀಲ ಎಲ್ಲಕ್ಕೂ ತಪಾಸಣೆ. ಚಾಕು, ಕತ್ತರಿ, ಗಾಳಿ ತುಂಬಿದ ಸ್ಪ್ರೇ ಡಬ್ಬಿಗಳನ್ನು ಒಳಗೆ ಬಿಡುವುದಿಲ್ಲ. ನಮ್ಮ ಮುಂದಿದ್ದವರ ಸೊಳ್ಳೆ ಸ್ಪ್ರೇ, ಡಿಯೋಡರಂಟ್ ಎರಡೂ ಅಲ್ಲೇ ಬುಟ್ಟಿ ಸೇರಿದವು. ಸೊಳ್ಳೆಗೆ ಹಚ್ಚುವ ಕ್ರೀಮು ಒಯ್ಯುವುದೇ ವಾಸಿ.

ರೈಲು ಗಂಟೆಗೆ 160 ಕಿ.ಮೀ. ವೇಗದಲ್ಲಿ ಹೋಗುತ್ತದೆ. ವಿಯೆಂಟಿಯಾನ್‌ನಿಂದ ಚೀನಾ ಗಡಿಯ ಬೋಟೆನ್‌ವರೆಗಿನ 422 ಕಿ.ಮೀ. ಹಾದಿಯಲ್ಲಿ 75 ಸುರಂಗ, 167 ಸೇತುವೆ. ಸುರಂಗಗಳ ಹೆಚ್ಚಿನ ಪಾಲು ವಾಂಗ್ ವಿಯೆಂಗ್ ದಾಟಿದ ಮೇಲೆ, ಉತ್ತರಕ್ಕೆ. ನಮ್ಮ ಪಾಲಿಗೆ ಬಂದದ್ದು ಗದ್ದೆಯ ಬಯಲು. ಕೊಯ್ಲಾದ ಕೂಳೆ, ಅದರಲ್ಲಿ ಎಮ್ಮೆಗಳು, ದೂರದಲ್ಲಿ ಮಂಜು. ಮಂಜಿನ ಹಿಂದೆ ಒಂದು ಬೆಟ್ಟ ಎದ್ದು ನಿಂತಿತು, ಅದರ ಪಕ್ಕ ಇನ್ನೊಂದು. ಇಳಿಜಾರೇ ಇಲ್ಲದೆ, ಗದ್ದೆಯ ಬದುವಿನಿಂದ ನೇರ ಮೇಲಕ್ಕೆ. ಅಲ್ಲಿಯವರೆಗೂ ಫೋನು ನೋಡುತ್ತಿದ್ದ ಹುಡುಗ ಕಿಟಕಿಗೆ ಮುಖ ಒತ್ತಿಕೊಂಡ.

ನಿಲ್ದಾಣದಿಂದ ಊರಿಗೆ ಹಂಚಿಕೆಯ ವ್ಯಾನು. ರೂಮನ್ನು ಹೊಳೆಯ ದಂಡೆಯಲ್ಲೇ, ಪಶ್ಚಿಮಕ್ಕೆ ಮುಖ ಮಾಡಿದ್ದನ್ನು ಹಿಡಿದಿದ್ದೆವು. ನೂರಿನ್ನೂರು ರೂಪಾಯಿ ಹೆಚ್ಚಾದರೂ ಆ ಬಾಲ್ಕನಿ ಬಿಡಬಾರದು. ಬೆಟ್ಟಗಳೆಲ್ಲ ಹೊಳೆಯ ಆಚೆ ದಡಕ್ಕಿವೆ. ಊರು ಈಚೆ ದಡದಲ್ಲಿ ಅವುಗಳನ್ನು ನೋಡುತ್ತ ಕೂತಿದೆ.

ಮಧ್ಯಾಹ್ನಕ್ಕೆ ಥಾಮ್ ಚಾಂಗ್ ಗುಹೆ. ಊರ ದಕ್ಷಿಣ ತುದಿಗೆ ನಡೆದು ಹೋಗುವಷ್ಟೇ ದೂರ. ಸೇತುವೆ ದಾಟಿ 147 ಮೆಟ್ಟಿಲು ಹತ್ತಬೇಕು. 19ನೇ ಶತಮಾನದಲ್ಲಿ ಉತ್ತರದಿಂದ ದಾಳಿ ಮಾಡುತ್ತಿದ್ದ ಹಾವ್ ಎಂಬ ಚೀನೀ ದರೋಡೆ ಪಡೆಗಳಿಂದ ತಪ್ಪಿಸಿಕೊಳ್ಳಲು ಊರವರು ಈ ಗುಹೆ ಸೇರುತ್ತಿದ್ದರಂತೆ. ಮೇಲಿನ ಬಾಯಿಂದ ಇಡೀ ಕಣಿವೆ ಕಾಣುವುದನ್ನು ನೋಡಿದರೆ ಯಾಕೆ ಎಂದು ಕೇಳಬೇಕಾಗಿಲ್ಲ. ಒಳಗೆ ಬಣ್ಣದ ದೀಪ, ಸಿಮೆಂಟಿನ ಹಾದಿ. ಸಾಹಸ ಇಲ್ಲ. ಬುಡದಲ್ಲಿ ಬೆಟ್ಟದಿಂದ ತಣ್ಣನೆಯ ಒರತೆ ಹೊರಬರುತ್ತದೆ, ಅದರಲ್ಲಿ ಈಜಿಕೊಂಡು ಸ್ವಲ್ಪ ದೂರ ಕತ್ತಲೆಯೊಳಗೆ ಹೋಗಬಹುದು. ಪ್ರಯಾಣದ ಆಯಾಸಕ್ಕೆ ಅದೇ ಮದ್ದು.

ಸಂಜೆ ವಾಪಸಾಗುವಾಗ ಊರಿನ ಪಕ್ಕದ ಒಂದು ಉದ್ದನೆಯ ಖಾಲಿ ಜಾಗ ದಾಟಿದೆವು. ವಾಹನ ನಿಂತಿವೆ, ಒಂದು ಕಡೆ ಅಂಗಡಿ. ನೋಡಿದರೆ ಸಂತೆ ಮೈದಾನ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅದು ವಿಮಾನ ಇಳಿಯುವ ಪಟ್ಟಿ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ನಡೆಸುತ್ತಿದ್ದ ಏರ್ ಅಮೆರಿಕ ಎಂಬ ವಿಮಾನ ಸಂಸ್ಥೆಯ ದಾಖಲೆಗಳಲ್ಲಿ ಅದರ ಹೆಸರು ಲಿಮಾ ಸೈಟ್ 6. 1964ರಿಂದ 1973ರವರೆಗೆ ಅಮೆರಿಕ ಈ ಪುಟ್ಟ ದೇಶದ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿಯಿತು, 5,80,000 ಹಾರಾಟಗಳಲ್ಲಿ. ಜನಸಂಖ್ಯೆಗೆ ಹೋಲಿಸಿದರೆ ಇಷ್ಟು ಬಾಂಬು ತಿಂದ ದೇಶ ಜಗತ್ತಿನಲ್ಲಿ ಇನ್ನೊಂದಿಲ್ಲ. ಎದುರಾಳಿಯೆಂದು ಘೋಷಿಸದೆ ನಡೆಸಿದ ಯುದ್ಧ ಅದು. ಇಲ್ಲಿ ರಜೆ ಕಳೆಯಲು ಬಂದವರು ಆ ಪಟ್ಟಿಯ ಮೇಲೆ ಐದು ನಿಮಿಷ ನಿಲ್ಲಬೇಕು ಎಂದು ನನಗನ್ನಿಸುತ್ತದೆ. ನಾವು ನಿಂತೆವು, ಹುಡುಗನಿಗೆ ಇಷ್ಟು ಹೇಳಿದೆ. ಅವನು ಏನೂ ಕೇಳಲಿಲ್ಲ. ರಾತ್ರಿ ರೂಮಿನಲ್ಲಿ ಅದರ ಬಗ್ಗೆಯೇ ಓದುತ್ತ ಮಲಗಿದ್ದ.

ಊಟದ ಮಾತು. ನಾನು ಸಸ್ಯಾಹಾರಿ, ಹುಡುಗ ಮೊಟ್ಟೆ ತಿನ್ನುತ್ತಾನೆ. ಲಾವೋ ಅಡುಗೆಯಲ್ಲಿ ಹಸಿ ಪರಂಗಿಕಾಯಿಯ ಕೋಸಂಬರಿಗೂ ಪಾಡೇಕ್ ಎಂಬ ಹುಳಿಬರಿಸಿದ ಮೀನಿನ ರಸ ಬೀಳುತ್ತದೆ. "ಬೊ ಸಾಯ್ ಪಾಡೇಕ್" ಎಂದರೆ ಅದನ್ನು ಹಾಕುವುದಿಲ್ಲ. ಮೀನು, ಮಾಂಸ ಏನೂ ಬೇಡ ಎಂದರೆ "ಕಿನ್ ಜೇ" ಎನ್ನಬೇಕು. ಬಿದಿರಿನ ಬುಟ್ಟಿಯಲ್ಲಿ ಬರುವ ಅಂಟಕ್ಕಿ ಅನ್ನವನ್ನು ಮುದ್ದೆ ಮುರಿದ ಹಾಗೆ ಬೆರಳಲ್ಲಿ ಮುರಿದು, ಉಂಡೆ ಮಾಡಿ, ಸುಟ್ಟ ಟೊಮೆಟೊ ಚಟ್ನಿಗೆ ಅದ್ದಿ ತಿನ್ನುವುದು. ರಸ್ತೆ ಬದಿಯಲ್ಲಿ ಸಾಲಾಗಿ ಸ್ಯಾಂಡ್‌ವಿಚ್ ಗಾಡಿಗಳು. ಫ್ರೆಂಚರು ಬಿಟ್ಟುಹೋದ ಉದ್ದನೆಯ ಬ್ರೆಡ್ಡಿನೊಳಗೆ ಬೆಣ್ಣೆಹಣ್ಣು, ಮೊಟ್ಟೆ, ತರಕಾರಿ ಏನು ಬೇಕೋ ಅದು. ಭಾರತೀಯ ಹೋಟೆಲುಗಳೂ ಇವೆ. ಹಸಿವಿನಿಂದ ಯಾರೂ ನರಳಬೇಕಾಗಿಲ್ಲ.

ಎರಡನೇ ದಿನ

ಇಡೀ ಪ್ರವಾಸದ ಜೀವ ಈ ದಿನದಲ್ಲಿತ್ತು. ಗುಹೆ ಮತ್ತು ಕಯಾಕ್ ಸೇರಿಸಿ ಒಂದು ದಿನದ ಪ್ಯಾಕೇಜು ಊರಿನ ಹತ್ತಾರು ಅಂಗಡಿಗಳಲ್ಲಿ ಸಿಗುತ್ತದೆ. ದರ ಕೇಳುವ ಮೊದಲು ನಾನು ಲೈಫ್ ಜಾಕೆಟ್ ತೋರಿಸಿ ಎಂದೆ. ಬಕಲ್ ಮುರಿದದ್ದು, ಒಳಗಿನ ಫೋಮ್ ಚೂರಾದದ್ದು ಇದ್ದರೆ ಮುಂದಿನ ಅಂಗಡಿ. ಎಷ್ಟು ಜನಕ್ಕೆ ಒಬ್ಬ ಗೈಡು ಎಂದೂ ಕೇಳಬೇಕು. ಮೂರನೆಯ ಅಂಗಡಿಯವಳು ತಾನಾಗಿಯೇ ಜಾಕೆಟ್ ತೊಡಿಸಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿದಳು. ಅಲ್ಲೇ ದುಡ್ಡು ಕಟ್ಟಿದೆವು.

ಬೆಳಗ್ಗೆ ಒಂಬತ್ತಕ್ಕೆ ತಲೆಯ ಮೇಲೆ ಕಯಾಕ್ ಹೊತ್ತ ಸೊಂಗ್ಥಾವ್ ಬಂತು. ಅದು ಹಿಂದೆ ಎದುರುಬದುರು ಬೆಂಚು ಹಾಕಿದ ಟೆಂಪೋ. ಉತ್ತರಕ್ಕೆ ಸುಮಾರು 15 ಕಿ.ಮೀ. ಹೋಗಿ, ಹೊಳೆ ದಾಟಿ, ಗದ್ದೆ ಬದುವಿನ ಮೇಲೆ ನಡಿಗೆ. ಮೊದಲು ಥಾಮ್ ಸಾಂಗ್, ಆನೆಯ ಆಕಾರದ ಸುಣ್ಣಕಲ್ಲಿನ ರಚನೆ ಇರುವ ಚಿಕ್ಕ ಗುಹೆ, ಒಳಗೆ ಬುದ್ಧನ ಮೂರ್ತಿಗಳು. ಹೊರಗೆ ಗಂಟೆಯಾಗಿ ತೂಗುಹಾಕಿದ್ದು ಬಾಂಬಿನ ಚಿಪ್ಪು. ಗೈಡ್ ಹುಡುಗ ಕೋಲಿನಿಂದ ಒಮ್ಮೆ ಬಡಿದ. ನಾದ ಗದ್ದೆ ದಾಟಿ ಹೋಗುವಷ್ಟು ಜೋರಾಗಿತ್ತು.

ಆಮೇಲೆ ಥಾಮ್ ನಾಮ್, ನೀರಿನ ಗುಹೆ. ಬೆಟ್ಟದ ಬುಡದಲ್ಲಿ ಒಂದು ಕೊಳ. ಕೊಳದ ಆಚೆ ಬಂಡೆ ನೀರಿನವರೆಗೂ ಇಳಿದು ಬಂದಿದೆ. ಬಂಡೆಗೂ ನೀರಿಗೂ ನಡುವೆ ಒಂದು ಮೊಳದಷ್ಟು ಸಂದು. ಇದೇನಾ ಬಾಗಿಲು ಎಂದು ನೋಡುತ್ತಿರುವಾಗಲೇ ಗೈಡ್ ಹುಡುಗ ಲಾರಿ ಟ್ಯೂಬೊಂದನ್ನು ಕೊಳಕ್ಕೆ ತಳ್ಳಿ "ಕೂತ್ಕೊಳ್ಳಿ" ಎಂದು ಸನ್ನೆ ಮಾಡಿದ. ಟ್ಯೂಬಿನಲ್ಲಿ ಕೂತಾಗ ಸೊಂಟದವರೆಗೆ ತಣ್ಣೀರು, ಡಿಸೆಂಬರ್‌ನ ಬೆಳಗ್ಗೆ ಉಸಿರು ಹಿಡಿಯುವಂಥದ್ದು. ಗುಹೆಯ ಉದ್ದಕ್ಕೂ ಗೋಡೆಗೆ ಹಗ್ಗ ಕಟ್ಟಿದ್ದಾರೆ. ತಲೆ ಹಿಂದಕ್ಕೆ ಚೆಲ್ಲಿ, ಮೂಗಿಗೆ ಬಂಡೆ ತಾಗದಂತೆ ಒರಗಿ, ಕೈ ಮೇಲೆ ಕೈ ಹಾಕಿ ಹಗ್ಗ ಎಳೆದುಕೊಂಡು ಹೋಗಬೇಕು.

ಹತ್ತು ಸಲ ಎಳೆಯುವಷ್ಟರಲ್ಲಿ ಹೊರಗಿನ ಬೆಳಕು ಹೋಯಿತು. ಚಾವಣಿ ಮೇಲೆದ್ದಿತು. ಹೆಡ್‌ಲ್ಯಾಂಪಿನ ಬೆಳಕಿನಲ್ಲಿ ನೆತ್ತಿಯ ಮೇಲೆ ಇಳಿಬಿದ್ದ ಸುಣ್ಣದ ಕೊನೆಗಳು, ಒಂದೊಂದರ ತುದಿಯಲ್ಲೂ ಒಂದು ಹನಿ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿ ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ಸುಣ್ಣಕಲ್ಲನ್ನು ಕರಗಿಸುತ್ತದೆ. ಕೋಟ್ಯಂತರ ವರ್ಷ ಹಿಂದೆ ಸಮುದ್ರದ ತಳದಲ್ಲಿ ಕೂಡಿದ ಚಿಪ್ಪು, ಹವಳಗಳೇ ಕಲ್ಲಾಗಿ ಮೇಲೆದ್ದ ಬೆಟ್ಟ ಇದು, ಈಗ ಹನಿಹನಿಯಾಗಿ ಮತ್ತೆ ನೀರಿಗೇ ಹೋಗುತ್ತಿದೆ. ಶಾಲೆಯಲ್ಲಿ ಓದಿದ ಪಾಠವೇ. ಆದರೆ ಆ ಹನಿ ಹಣೆಯ ಮೇಲೆ ಬೀಳುವಾಗ, ಇಡೀ ಬೆಟ್ಟ ತಲೆಯ ಮೇಲಿದೆ ಎಂದು ಗೊತ್ತಿರುವಾಗ, ಅದು ಪಾಠದ ಹಾಗೆ ಇರುವುದಿಲ್ಲ.

ಒಂದು ಕಡೆ ಗೈಡ್ ಹುಡುಗ ಎಲ್ಲರೂ ದೀಪ ಆರಿಸಿ ಎಂದ. ಕಣ್ಣು ಮುಚ್ಚಿದರೂ ಬಿಟ್ಟರೂ ವ್ಯತ್ಯಾಸವೇ ಇಲ್ಲ. ಹಿಂದಿನಿಂದ "ಮಾವ, ಇದ್ದೀರಾ?" ಎಂದು ಕೇಳಿಸಿತು. "ಇದ್ದೀನಿ ಕಣೋ, ಹಗ್ಗ ಬಿಡಬೇಡ" ಎಂದೆ. ಮಾತು ಗೋಡೆಗೆ ತಾಗಿ ಎರಡು ಮೂರು ಸಲ ಹಿಂದಿರುಗಿತು. ಮಳೆಗಾಲದಲ್ಲಿ ಆ ಬಾಗಿಲಿನ ಸಂದು ನೀರಿನಲ್ಲಿ ಮುಳುಗಿರುತ್ತದೆ, ಒಳಗೆ ಬಿಡುವುದಿಲ್ಲ. ತಿಂಗಳ ವಿಷಯವನ್ನು ಮೊದಲೇ ಎತ್ತಿದ್ದು ಇದಕ್ಕೇ.

ಮಧ್ಯಾಹ್ನ ಹೊಳೆ ದಂಡೆಯಲ್ಲಿ ಊಟ: ಬಾಳೆ ಎಲೆಯಲ್ಲಿ ಕಟ್ಟಿದ ಹುರಿದ ಅನ್ನ, ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ತರಕಾರಿ. ಬಾಳೆ ಎಲೆ ಕಂಡದ್ದೇ ಊಟ ಅರ್ಧ ರುಚಿಸಿತು.

ಕಯಾಕಿನಲ್ಲಿ ಇಬ್ಬರು. ಮುಂದೆ ಕೂತವರು ಹುಟ್ಟು ಹಾಕಿ ಬಲ ಕೊಡಬೇಕು, ಹಿಂದಿನವರು ದಿಕ್ಕು ತಿರುಗಿಸಬೇಕು. ಚಳಿಗಾಲದ ನಾಮ್ ಸೊಂಗ್ ಸೌಮ್ಯ. ಅಲ್ಲಲ್ಲಿ ಕಲ್ಲು ಹಾಸಿನ ಮೇಲೆ ನೀರು ಬಿಳಿಯಾಗಿ ಮುರಿಯುತ್ತದೆ, ಅಲ್ಲಿ ದೋಣಿಯ ಮೂತಿ ನೇರವಾಗಿಟ್ಟರೆ ಸಾಕು, ಅದೇ ಜಾರಿಸಿಕೊಂಡು ಹೋಗುತ್ತದೆ. ದಾಂಡೇಲಿಯ ಕಾಳಿಯಲ್ಲಿ ರ‍್ಯಾಫ್ಟಿಂಗ್ ಮಾಡಿದವರಿಗೆ ಇದು ಮೆತ್ತಗೆ ಎನಿಸೀತು. ನನಗೆ ಇದೇ ಇಷ್ಟವಾಯಿತು, ಯಾಕೆಂದರೆ ತಲೆ ಎತ್ತಿ ನೋಡಲು ಪುರುಸೊತ್ತು ಸಿಗುತ್ತದೆ. ಕನ್ನಡಕ ಹಾಕಿಕೊಂಡ ಒಬ್ಬ ಹುಡುಗ ಮೊಳಕಾಲುದ್ದ ನೀರಿನಲ್ಲಿ ಮುಖ ಮುಳುಗಿಸಿ, ಕೈಯಲ್ಲಿ ತಂತಿಯ ಈಟಿ ಹಿಡಿದು ಮೀನು ಹುಡುಕುತ್ತಿದ್ದ. ನಮ್ಮ ದೋಣಿ ಹತ್ತಿರ ಬಂದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಸ್ವಲ್ಪ ಕೆಳಗೆ ಮೂವರು ಹೆಂಗಸರು ಬಗ್ಗಿ ಕಲ್ಲು ಸರಿಸಿ ಪಾಚಿ ಕೀಳುತ್ತಿದ್ದರು. ಅದು ಅವರ ಸಂಜೆಯ ಅಡುಗೆ. ಹೊಳೆಗೆ ಅಡ್ಡವಾಗಿ ಬಿದಿರಿನ ಸೇತುವೆಗಳು, ಎಷ್ಟು ತಗ್ಗೆಂದರೆ ಅಡಿಯಲ್ಲಿ ಹೋಗುವಾಗ ತಲೆ ಬಗ್ಗಿಸಬೇಕು. ಪ್ರತಿ ಮಳೆಗಾಲ ಹೊಳೆ ಅವನ್ನು ಒಯ್ಯುತ್ತದೆ. ನೀರು ಇಳಿದ ಮೇಲೆ ಊರವರು ಹೊಸದಾಗಿ ಕಟ್ಟುತ್ತಾರೆ. ದಾಟುವವರು ಕೊಡುವ ಪುಡಿಗಾಸು ಆ ಕೆಲಸಕ್ಕೇ ಹೋಗುತ್ತದೆ, ಚೌಕಾಸಿ ಮಾಡಬೇಡಿ.

ಮೂರನೇ ದಿನ

ಬೆಳಗ್ಗೆ ಬಾಡಿಗೆ ಸೈಕಲ್. ಅಂಗಡಿಯವನು ಒತ್ತೆಗೆ ಪಾಸ್‌ಪೋರ್ಟ್ ಕೇಳಿದ. ಪಾಸ್‌ಪೋರ್ಟನ್ನು ಯಾರ ಕೈಗೂ ಬಿಡಕೂಡದು. ಜೆರಾಕ್ಸ್ ಪ್ರತಿ, ಜೊತೆಗೆ ಸ್ವಲ್ಪ ಮುಂಗಡ ಎಂದೆ, ಒಪ್ಪಿದ. ಬ್ರೇಕು ಒತ್ತಿ ನೋಡಿ, ಹೊಳೆ ದಾಟಿ ಪಶ್ಚಿಮಕ್ಕೆ.

ಹಾದಿಯಲ್ಲೇ ಫಾ ಙಾನ್ ಶಿಖರದ ಏರು ಸಿಗುತ್ತದೆ. ಎತ್ತರ ಬಹಳವಿಲ್ಲ, ಆದರೆ ಏಣಿಯಷ್ಟು ಕಡಿದು. ಮರದ ಬೇರು, ಬಿದಿರಿನ ಹಿಡಿಕೆ, ಚೂಪಾದ ಸುಣ್ಣಕಲ್ಲು. ನಿಧಾನವಾಗಿ ಹತ್ತಿದರೂ ಮುಕ್ಕಾಲು ಗಂಟೆಯಲ್ಲಿ ಮೇಲಿರುತ್ತೀರಿ. ಒಂದು ಲೀಟರ್ ನೀರು, ಬೆರಳು ಮುಚ್ಚುವ ಶೂ, ಬಿಸಿಲೇರುವ ಮೊದಲು ಹೊರಡುವುದು, ಇಷ್ಟನ್ನು ಪಾಲಿಸಿ. ಮೇಲಿನಿಂದ ನಾವು ಹಿಂದಿನ ದಿನ ತೇಲಿದ ಹೊಳೆ ತಿರುತಿರುಗಿ ಹೋಗುವುದು, ಗದ್ದೆಯ ಚೌಕಗಳು, ಆಚೆ ಊರು. ಹುಡುಗ ಬೆರಳಿಟ್ಟು ಹೊಳೆಯ ಒಂದೊಂದು ತಿರುವನ್ನೂ ಗುರುತು ಹಿಡಿಯುತ್ತ ನಿಂತ: "ಅಲ್ಲಿ ನೋಡಿ ಮಾವ, ಬಿದಿರಿನ ಸೇತುವೆ. ಊಟ ಮಾಡಿದ್ದು ಅದರ ಮೇಲೆ ಎಲ್ಲೋ." ಒಂದೇ ಊರಿನಲ್ಲಿ ಉಳಿದದ್ದರ ಲಾಭ ಅದು. ಮೊದಲ ದಿನ ಚಿತ್ರದ ಹಾಗೆ ಕಂಡ ಕಣಿವೆ ಮೂರನೇ ದಿನಕ್ಕೆ ಗೊತ್ತಿರುವ ಜಾಗವಾಗಿತ್ತು.

ಸೈಕಲ್ಲಿನಲ್ಲಿ ಮುಂದೆ ಹೋದರೆ, ಊರಿನಿಂದ 7 ಕಿ.ಮೀ. ದೂರದಲ್ಲಿ ಮೊದಲನೆಯ ಬ್ಲೂ ಲಗೂನ್, ಅಂದರೆ ನೀಲಿ ಮಡು. ಹೆಸರು ದೊಡ್ಡದು, ಜನ ಇನ್ನೂ ದೊಡ್ಡದು. ಹತ್ತು ಗಂಟೆ ದಾಟಿದರೆ ಜಾತ್ರೆ. ಅದರ ಮೇಲಿರುವ ಥಾಮ್ ಫೂ ಖಾಮ್ ಗುಹೆಗಾದರೂ ಹೋಗಲೇಬೇಕು. ಮೇಲಿನ ಬಿರುಕಿನಿಂದ ಬೆಳಕು ಇಳಿಯುವ ದೊಡ್ಡ ಹಜಾರ, ಅಲ್ಲಿ ಮಲಗಿದ ಭಂಗಿಯ ಕಂಚಿನ ಬುದ್ಧ. ಹೊರಗಿನ ಗದ್ದಲದ ಜನರಲ್ಲಿ ಹತ್ತಕ್ಕೊಬ್ಬರೂ ಅಲ್ಲಿಗೆ ಹತ್ತಿ ಬರುವುದಿಲ್ಲ. ಹಜಾರದಿಂದ ಒಳಕ್ಕೆ ಹೋಗುವ ಹಾದಿ ಜಾರುತ್ತದೆ, ದೀಪವಿಲ್ಲ. ಗೈಡಿಲ್ಲದೆ ನಾವು ಮುಂದೆ ಹೋಗಲಿಲ್ಲ. ಎರಡು, ಮೂರನೆಯ ಲಗೂನುಗಳನ್ನೂ ಬಿಟ್ಟೆವು.

ಬಗ್ಗಿ ಎಂಬ ನಾಲ್ಕು ಚಕ್ರದ ಗಾಡಿಗಳು ದಾರಿಯುದ್ದಕ್ಕೂ ಧೂಳೆಬ್ಬಿಸಿಕೊಂಡು ಓಡುತ್ತವೆ. ದಾರಿಯ ಬದಿಯ ಮನೆಗಳವರು ಕಿಟಕಿ ಮುಚ್ಚಿಕೊಂಡು ಕೂರಬೇಕು. ಅದನ್ನು ಬಾಡಿಗೆಗೆ ಪಡೆಯದಿರುವುದು ಆ ಊರಿಗೆ ನಾವು ಮಾಡುವ ಉಪಕಾರ.

ಮಧ್ಯಾಹ್ನ ಟ್ಯೂಬಿಂಗ್. ವಾಂಗ್ ವಿಯೆಂಗ್ ಜಗತ್ತಿಗೆ ಗೊತ್ತಾದದ್ದೇ ಇದರಿಂದ. 1990ರ ದಶಕದ ಕೊನೆಯಲ್ಲಿ ಊರಿನ ಉತ್ತರಕ್ಕಿರುವ ಸಾವಯವ ತೋಟವೊಂದರ ಯಜಮಾನರು ಕೆಲಸ ಮಾಡಿ ದಣಿದ ಸ್ವಯಂಸೇವಕರಿಗೆ ಲಾರಿ ಟ್ಯೂಬು ಕೊಟ್ಟು ಹೊಳೆಯಲ್ಲಿ ತೇಲಿ ಬನ್ನಿ ಎಂದರು. ಅಷ್ಟು ಸರಳವಾಗಿ ಶುರುವಾದದ್ದು. ಹತ್ತು ವರ್ಷದಲ್ಲಿ ಹೊಳೆಯ ಎರಡೂ ದಡಕ್ಕೆ ಬಾರುಗಳು ಬಂದವು, ಕುಡಿದವರನ್ನು ನೀರಿಗೆ ಎಸೆಯುವ ಜೋಕಾಲಿಗಳು ಬಂದವು. 2011ರ ಒಂದೇ ವರ್ಷ ಊರಿನ ಆಸ್ಪತ್ರೆ ಬರೆದುಕೊಂಡ ಪ್ರವಾಸಿಗರ ಸಾವು 27. ಮುಳುಗಿದವರು, ಕಲ್ಲಿಗೆ ತಲೆ ಒಡೆದುಕೊಂಡವರು. 2012ರಲ್ಲಿ ಸರ್ಕಾರ ದಡದ ಬಾರುಗಳನ್ನು ಮುಚ್ಚಿಸಿ, ಜೋಕಾಲಿ ಕೀಳಿಸಿತು. ಊರು ಸತ್ತೇಹೋಯಿತು ಎಂದು ಆಗ ಗೋಳಾಡಿದವರಿದ್ದರು. ನಿಜವಾಗಿ ಊರಿಗೆ ಅದರ ಹೊಳೆ ವಾಪಸು ಸಿಕ್ಕಿತು.

ಊರಿನಿಂದ ಮೂರು ನಾಲ್ಕು ಕಿ.ಮೀ. ಮೇಲೆ ಟುಕ್‌ಟುಕ್‌ನಲ್ಲಿ ಬಿಡುತ್ತಾರೆ; ಅಲ್ಲಿಂದ ಟ್ಯೂಬಿನಲ್ಲಿ ಒರಗಿ ಊರಿಗೆ ಬರುವುದು. ಚಳಿಗಾಲದಲ್ಲಿ ನೀರು ನಿಧಾನ, ಎರಡು ಮೂರು ಗಂಟೆ ಹಿಡಿಯುತ್ತದೆ. ಒಂದೂವರೆಯೊಳಗೆ ನೀರಿಗಿಳಿಯಬೇಕು. ಬೆಟ್ಟಗಳು ಪಶ್ಚಿಮಕ್ಕಿರುವುದರಿಂದ ಸೂರ್ಯ ಬೇಗ ಮರೆಯಾಗಿ, ನಾಲ್ಕೂವರೆಗೆಲ್ಲ ಹೊಳೆಯ ಮೇಲೆ ನೆರಳು ಬಿದ್ದು ಮೈ ನಡುಗುತ್ತದೆ. ಲೈಫ್ ಜಾಕೆಟ್ ಹಾಕಿಕೊಂಡವರು ನಾವಿಬ್ಬರು ಸೇರಿ ಕೆಲವರೇ. "ನಂಗೆ ಈಜು ಬರುತ್ತಲ್ಲ ಮಾವ" ಎಂದ ಹುಡುಗ. "ಬರುತ್ತೆ. ತಲೆಗೆ ಕಲ್ಲು ಬಡಿದವನಿಗೆ ಈಜು ನೆನಪಿರಲ್ಲ, ಹಾಕ್ಕೊ" ಎಂದೆ. ಹಾಕಿಕೊಂಡ. ಆಮೇಲೆ ಅದನ್ನೇ ದಿಂಬು ಮಾಡಿಕೊಂಡು ಆಕಾಶ ನೋಡುತ್ತ, ನನಗಿಂತ ನೂರು ಗಜ ಮುಂದೆ ತೇಲಿಕೊಂಡು ಹೋದ.

ರಾತ್ರಿಯ ವಿಷಯವನ್ನೂ ಹೇಳಿಬಿಡುತ್ತೇನೆ, ಚಿಕ್ಕ ವಯಸ್ಸಿನವರನ್ನು ಕಳುಹಿಸುವ ಮನೆಯವರಿಗಾಗಿ. 2024ರ ನವೆಂಬರ್‌ನಲ್ಲಿ ಈ ಊರಿನಲ್ಲಿ ಮೆಥನಾಲ್ ಎಂಬ ವಿಷ ಬೆರೆತ ಮದ್ಯ ಕುಡಿದು ಆರು ವಿದೇಶಿ ಪ್ರವಾಸಿಗರು ಸತ್ತರು. ಅವರಲ್ಲಿ 19 ವರ್ಷದ ಇಬ್ಬರು ಹುಡುಗಿಯರೂ ಇದ್ದರು. ಮದ್ಯದಲ್ಲಿ ಬೆರೆತ ಮೆಥನಾಲನ್ನು ರುಚಿಯಿಂದಲೋ ವಾಸನೆಯಿಂದಲೋ ಗುರುತಿಸಲಾಗದು. ಮೊದಲು ಸಾಮಾನ್ಯ ಅಮಲಿನ ಹಾಗೇ ಇದ್ದು, ಅರ್ಧ ದಿನವೋ ಒಂದು ದಿನವೋ ಕಳೆದ ಮೇಲೆ ಕಣ್ಣು ಮಂಜಾಗುತ್ತದೆ, ಉಸಿರು ಕಟ್ಟುತ್ತದೆ. ಪುಕ್ಕಟೆ ಕೊಡುವ ಗುಟುಕು, ಬಕೆಟ್ಟಿನಲ್ಲಿ ಬೆರೆಸಿ ಕೊಡುವ ಪಾನೀಯ, ಊರಲ್ಲೇ ಬಟ್ಟಿ ಇಳಿಸಿದ ಅಕ್ಕಿ ಸಾರಾಯಿ, ಇವನ್ನು ಮುಟ್ಟಬಾರದು. ಮಕ್ಕಳಿಗೆ ಇದನ್ನು ಸಂಕೋಚವಿಲ್ಲದೆ, ಕಾರಣ ಬಿಡಿಸಿ ಹೇಳಿ. ನಾನು ಹೇಳಿದೆ; ನಾವು ಕುಡಿದದ್ದು ಎಳನೀರು.

ನಾಲ್ಕನೇ ಬೆಳಗ್ಗೆ

ಆರು ಗಂಟೆಗೆ ಭಿಕ್ಷುಗಳು ಸಾಲಾಗಿ ಬಂದು ಹೋದರು, ಬಾಗಿಲಲ್ಲಿ ಮಂಡಿಯೂರಿದ ಹೆಂಗಸರು ಪಾತ್ರೆಗೆ ಅನ್ನ ಹಾಕಿದರು. ಬಿಸಿಗಾಳಿ ಬಲೂನುಗಳು ಮೇಲೇರಿದವು. ಬಲೂನು ಬಹಳ ದುಬಾರಿ, ಅದೂ ಗಾಳಿ ಒಪ್ಪಿದರೆ ಮಾತ್ರ. ಬಾಲ್ಕನಿಯಿಂದ ನೋಡಿದೆವು.

ಮಧ್ಯಾಹ್ನಕ್ಕೆ ವಿಯೆಂಟಿಯಾನ್. ವಿಮಾನಕ್ಕೆ ಇನ್ನೂ ಸಮಯವಿತ್ತು. ಅಲ್ಲಿ ಕೋಪ್ ಎಂಬ ಸಂಸ್ಥೆಯ ಸಂದರ್ಶಕ ಕೇಂದ್ರವಿದೆ, ಪ್ರವೇಶ ಉಚಿತ. ಆ ಯುದ್ಧದಲ್ಲಿ ಅಮೆರಿಕ ಸುರಿದ ಗೊಂಚಲು ಬಾಂಬುಗಳ ಸುಮಾರು 27 ಕೋಟಿ ಮರಿಬಾಂಬುಗಳಲ್ಲಿ 8 ಕೋಟಿಯಷ್ಟು ಸಿಡಿಯದೆ ಮಣ್ಣಿನಲ್ಲೇ ಉಳಿದವು. ಗದ್ದೆ ಅಗೆಯುವ ರೈತನ ಗುದ್ದಲಿಗೆ, ಚೆಂಡೆಂದು ಎತ್ತಿಕೊಂಡ ಮಗುವಿನ ಕೈಗೆ ಅವು ಇವತ್ತಿಗೂ ಸಿಡಿಯುತ್ತವೆ. ಕೈಕಾಲು ಕಳೆದುಕೊಂಡವರಿಗೆ ಈ ಸಂಸ್ಥೆ 1997ರಿಂದ ಕೃತಕ ಅಂಗ ಮಾಡಿಸಿಕೊಡುತ್ತಿದೆ. ಸಂಸ್ಥೆ ಬರುವ ಮೊದಲು ಹಳ್ಳಿಗರು ತಾವೇ ಮಾಡಿಕೊಂಡಿದ್ದ ಕಾಲುಗಳನ್ನು ಅಲ್ಲಿ ತೂಗುಹಾಕಿದ್ದಾರೆ: ಮರದ್ದು, ಬಿದಿರಿನದು, ತಗಡಿನದು. ಹುಡುಗ ಒಂದೊಂದರ ಮುಂದೆಯೂ ನಿಂತ, ಕೀಲು ಹೇಗೆ ಕೂಡಿಸಿದ್ದಾರೆ ಎಂದು ಬಗ್ಗಿ ನೋಡಿದ, ಪುಸ್ತಕದಲ್ಲಿ ಒಂದು ಚಿತ್ರ ಬರೆದುಕೊಂಡ. ವಾಂಗ್ ವಿಯೆಂಗ್‌ನಿಂದ ಬರುವವರು ಇಲ್ಲಿಗೆ ಎರಡು ಗಂಟೆ ಇಟ್ಟುಕೊಂಡೇ ವಿಮಾನದ ಸಮಯ ಆರಿಸಿಕೊಳ್ಳಿ. ಕಿಪ್ ನೋಟುಗಳನ್ನು ಲಾವೋಸಿನ ಹೊರಗೆ ಸಾಮಾನ್ಯವಾಗಿ ಯಾರೂ ಬದಲಿಸಿಕೊಡುವುದಿಲ್ಲ. ಟ್ಯಾಕ್ಸಿಗೆ ಬೇಕಾದಷ್ಟನ್ನು ತೆಗೆದಿಟ್ಟು ಉಳಿದದ್ದನ್ನೆಲ್ಲ ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕಿ ಬರಬಹುದು.